ಮಾಬುಬೀಗೆ ಬಟ್ಟೆ ಕಡಿಮೆ ಬಿದ್ದ ದಿನ

ಬೇಸಿಗೆ, ಮಧ್ಯಾಹ್ನ ಎರಡೂವರೆ ಗಂಟೆ. ಚಳ್ಳಕೆರೆಯಲ್ಲಿ ಆ ಹೊತ್ತಿಗೆ ನಾಯಿ ಕೂಡ ನೆರಳು ಬಿಟ್ಟು ಏಳುವುದಿಲ್ಲ. ನಾನು ನೆಲಕ್ಕೆ ನೀರು ಚಿಮುಕಿಸಿ, ಬಾಗಿಲು ಮುಂದಕ್ಕೆ ಮಾಡಿ ಮಲಗಿದ್ದೆ. ಆಟೋ ನಿಂತ ಸದ್ದಾಯಿತು. ಎದ್ದು ನೋಡಿದರೆ ನನ್ನ ಮೊಮ್ಮಗಳು ಮೆಹಜಬೀನ್. ಕೈಯಲ್ಲಿ ಅವಳ ಮದುವೆಗೆ ನಾನೇ ಕೊಡಿಸಿದ್ದ ನೀಲಿ ಸೂಟ್‌ಕೇಸು. ಹಿಂದೆ ಮುಂದೆ ನೋಡಿದೆ, ಗಂಡ ಕಾಣಲಿಲ್ಲ.

"ಒಬ್ಳೇ ಬಂದ್ಯಾ?" ಎಂದೆ.

"ಹ್ಞೂ ನಾನಿ. ನೀರು ಐತಾ?"

ಎರಡು ಲೋಟ ನೀರು ಕುಡಿದಳು. ಒಳಕೋಣೆಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದಳು. ಶುರುವಾದದ್ದು ಹಾಗೆ.

ಮನೆಯೊಳಗೆ ನಾವು ಆಡುವುದು ಉರ್ದು. ನಾಲ್ಕನೇ ಕ್ಲಾಸಿನವರೆಗೆ ನಾನು ಕಲಿತದ್ದು ಕನ್ನಡ. ಆದ್ದರಿಂದ ಎಲ್ಲರ ಮಾತನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಮೆಹಜಬೀನ್ ನನ್ನ ಮಗಳ ಮಗಳು. ತಾಯಿ ಹೋದಾಗ ಅವಳಿಗೆ ಹನ್ನೊಂದು ವರ್ಷ. ತಂದೆ ಬಳ್ಳಾರಿಯಲ್ಲಿ ಇನ್ನೊಂದು ಮದುವೆಯಾದ. ಸಾಕಿದವಳು ನಾನು. ಪಿಯುಸಿ ಓದಿಸಿ ಹೊಸಪೇಟೆಗೆ ಕೊಟ್ಟೆವು. ಎರಡು ಸಲ ಹೊಟ್ಟೆಯಲ್ಲಿಯೇ ಮಗು ಹೋಯಿತು. ಎರಡನೆಯ ಸಲ ರಕ್ತ ನಿಲ್ಲಲಿಲ್ಲ. ಜೀವ ಉಳಿಯಬೇಕಾದರೆ ಗರ್ಭಕೋಶ ತೆಗೆಯಬೇಕು ಎಂದರು ಡಾಕ್ಟರು, ತೆಗೆದರು. ಆಗ ಅವಳಿಗೆ ಇಪ್ಪತ್ತೈದು. ಅತ್ತೆ ಕೆಟ್ಟ ಹೆಂಗಸಲ್ಲ. ಕೆಟ್ಟವಳಾಗಿದ್ದರೆ ಬೈದು ಸಮಾಧಾನ ಮಾಡಿಕೊಳ್ಳಬಹುದಿತ್ತು. "ನಮಗಿರೋದು ಒಬ್ಬನೇ ಮಗ, ನೀನೇ ಹೇಳು ತಾಯಿ" ಎಂದು ಅಳುತ್ತಲೇ ಸೂಟ್‌ಕೇಸಿಗೆ ಬಟ್ಟೆ ಮಡಚಿ ಇಟ್ಟಳಂತೆ. ಮಳೆಗಾಲ ಮುಗಿಯುವುದರೊಳಗೆ ಜಮಾತಿನ ಹಿರಿಯರ ಮುಂದೆ ಆ ಸಂಬಂಧವೂ ಮುಗಿಯಿತು.

ಮೆಹಜಬೀನ್ ಅಳಲಿಲ್ಲ. ಅತ್ತಿದ್ದರೆ ನನಗೆ ಧೈರ್ಯ ಬರುತ್ತಿತ್ತು. ಉಣ್ಣು ಅಂದರೆ ಉಣ್ಣುತ್ತಿದ್ದಳು, ಸ್ನಾನ ಮಾಡು ಅಂದರೆ ಮಾಡುತ್ತಿದ್ದಳು. ಏನೂ ಹೇಳದಿದ್ದರೆ ಗೋಡೆ. ಒಂದು ಸಂಜೆ ನಾನು ರೊಟ್ಟಿ ಸುಡುತ್ತಿದ್ದೆ. ಬಾಗಿಲಲ್ಲಿ ನಿಂತು ಕೇಳಿದಳು:

"ನಾನಿ, ನಾನಿಲ್ಲದಿದ್ರೆ ದಿನಕ್ಕೆ ಎರಡು ರೊಟ್ಟಿ ಕಡಿಮೆ ಸುಡ್ತೀಯ. ಅಷ್ಟೇ ಅಲ್ವಾ?"

ಈರುಳ್ಳಿ ಎಷ್ಟಕ್ಕೆ ಕೊಟ್ಟರು ಎಂದು ಕೇಳುವ ಹಾಗಿತ್ತು ಅವಳ ದನಿ. ನನ್ನ ಬೆರಳು ಹಂಚಿಗೆ ತಾಗಿದ್ದು ನನಗೆ ಆಮೇಲೆ ತಿಳಿಯಿತು.

ಅವತ್ತಿನಿಂದ ಅವಳನ್ನು ಒಬ್ಬಳೇ ಬಿಡಲಿಲ್ಲ. ಬಚ್ಚಲಿಗೆ ಹೋದರೂ ಅಲ್ಲಿಂದಲೇ "ಮೆಹಜಬೀನ್, ಹಾಲು ಉಕ್ಕುತ್ತಾ ನೋಡು" ಎಂದು ಕೂಗುತ್ತಿದ್ದೆ. ಒಲೆಯ ಮೇಲೆ ಹಾಲೇ ಇರುತ್ತಿರಲಿಲ್ಲ. "ಇಲ್ಲ ನಾನಿ" ಎಂಬ ದನಿ ಕೇಳಿದರೆ ಸಾಕಿತ್ತು. ಹಾಲಿಲ್ಲ ಎಂದು ಅವಳಿಗೂ ಗೊತ್ತಿತ್ತು. ಪಾಪ, ಒಂದು ದಿನವೂ ಹಾಗೆ ಹೇಳಲಿಲ್ಲ.

ನನ್ನ ಮಗ ಶಹನವಾಜ್ ಬಳ್ಳಾರಿ ರಸ್ತೆಯಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಾನೆ. ಪಕ್ಕದ ಬೀದಿಯಲ್ಲಿ ಅವನ ಸಂಸಾರ. ದಿನಾ ಬಂದು ನೋಡಿಕೊಂಡು ಹೋಗುತ್ತಿದ್ದ.

"ಅವಳಿಗೆ ಸ್ವಲ್ಪ ಟೈಮ್ ಬೇಕಮ್ಮಾ" ಎಂದ.

"ಟೈಮೇ ಐತಲ್ಲೋ ಅವಳ ಹತ್ರ ರಾಶಿ ರಾಶಿ. ನನಗೆ ಅದೇ ಭಯ."

ಅವನು ಎಣ್ಣೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾ ಎದ್ದು ಹೋದ. ಇಂಜಿನ್ ಆಗಿದ್ದರೆ ಬಿಚ್ಚಿ ನೋಡುತ್ತಿದ್ದನೇನೋ.

ಇನ್ನು ನನ್ನ ಕೆಲಸದ ಮಾತು ಹೇಳಬೇಕು. ನಮ್ಮ ಜನದಲ್ಲಿ ಹೆಂಗಸು ತೀರಿಕೊಂಡರೆ ಕೊನೆಯ ಸ್ನಾನ ಮಾಡಿಸಿ, ಬಿಳಿ ಕಫನಿನ ಬಟ್ಟೆ ಹೊದಿಸುವುದು ಹೆಂಗಸರೇ. ಮನೆಯವರಿಗೆ ಎಲ್ಲರಿಗೂ ಕೈ ಬರುವುದಿಲ್ಲ. ಗೊತ್ತಿರುವವರು ಊರಿಗೆ ಒಬ್ಬಿಬ್ಬರು. ಅತ್ತೆ ನನಗೆ ಕಲಿಸಿದರು, ಮೂವತ್ತೆಂಟು ವರ್ಷದಿಂದ ನಾನು ಮಾಡುತ್ತಿದ್ದೇನೆ. ಇದಕ್ಕೆ ಏನೂ ತೆಗೆದುಕೊಳ್ಳುವುದಿಲ್ಲ, ಆ ಮನೆಯಲ್ಲಿ ಚಹಾ ಕೂಡ ಕುಡಿಯುವುದಿಲ್ಲ. ಆ ಮೈಮೇಲೆ ನೋಡಿದ್ದನ್ನು ಯಾರಿಗೂ ಹೇಳುವುದಿಲ್ಲ. ತಿಂಗಳ ಮುಟ್ಟಿನಲ್ಲಿರುವವರು ಕೈ ಹಾಕಬಾರದು ಎಂಬುದು ನಮ್ಮ ಕಡೆಯ ಪದ್ಧತಿ. ಹಾಗಾಗಿ ಈ ಕೆಲಸಕ್ಕೆ ಸಿಗುವುದೆಲ್ಲ ನನ್ನಂಥ ಮುದುಕಿಯರೇ. ನನ್ನ ಜೊತೆಗೆ ಬರುತ್ತಿದ್ದವರೊಬ್ಬರು ಕಣ್ಣು ಕಾಣದೆ ಕೂತರು, ಇನ್ನೊಬ್ಬರನ್ನು ನಾನೇ ತೊಳೆದು ಕಳಿಸಿದೆ. ಆಮೇಲೆ ಕಲಿಯಲು ಯಾರೂ ಬರಲಿಲ್ಲ.

ನನ್ನ ಟ್ರಂಕಿನಲ್ಲಿ ಯಾವಾಗಲೂ ಒಂದು ಥಾನು ಬಿಳಿ ಬಟ್ಟೆ ಇರುತ್ತದೆ. ಯಾರಾದರೂ ಪುಣ್ಯಕ್ಕೆಂದು ತಂದಿಡುತ್ತಾರೆ. ಕರೆ ಬಂದ ಕೂಡಲೇ ಅಳೆದು, ಹರಿದು, ಮಡಚಿ ಚೀಲಕ್ಕೆ ಹಾಕಿಕೊಂಡು ಹೊರಡುವುದು. ಅಳತೆ ಅತ್ತೆ ಕಲಿಸಿದ್ದು: ಮೂಗಿನ ತುದಿಯಿಂದ ಚಾಚಿದ ಕೈಯ ಬೆರಳ ತುದಿಗೆ ಒಂದು ಗಜ. ಟೇಪು ನಾನು ಮುಟ್ಟಿದವಳಲ್ಲ.

ಮೊಳಕಾಲ್ಮೂರಿನಿಂದ ಫೋನು ಬಂದದ್ದು ಡಿಸೆಂಬರಿನ ಒಂದು ಗುರುವಾರ, ಬೆಳಗಿನ ನಮಾಜು ಮುಗಿಸಿ ಎದ್ದಾಗ. ಮಾಬುಬೀಯ ಮಗಳು ನಾಜಿಯಾ.

"ಖಾಲಾ, ಅಮ್ಮ ಹೋಗಿಬಿಟ್ಲು. ಇಲ್ಲಿ ಸ್ನಾನ ಮಾಡಿಸೋರು ಉಮ್ರಾಗೆ ಅಂತ ಮೆಕ್ಕಾಕ್ಕೆ ಹೋಗ್ಯಾರೆ. ಅಮ್ಮ ಮೊದಲಿಂದ್ಲೂ ಹೇಳ್ತಿದ್ಲು, ಹಲೀಮಾನೇ ಬರಬೇಕು ಅಂತ."

ಮಾಬುಬೀ ನನ್ನ ಗಂಡ ಚಾಂದ್ ಪಾಷ ಅವರ ದೊಡ್ಡಪ್ಪನ ಸೊಸೆ. ನಾನೂ ಅವಳೂ ಒಂದೇ ವರ್ಷ ಮದುವೆಯಾಗಿ ಆ ಮನೆತನಕ್ಕೆ ಬಂದವರು. ತನ್ನ ಗಂಡ ಹೋದಮೇಲೆ ಅವಳು ರೇಷ್ಮೆ ಮಗ್ಗದವರಿಗೆ ಕಂಡಿಕೆಗೆ ನೂಲು ಸುತ್ತಿಕೊಟ್ಟು ಮಕ್ಕಳನ್ನು ಸಾಕಿದಳು. ಬಹಳ ಉದ್ದ. ಬಸ್ಸು ಹತ್ತುವಾಗ ತಲೆ ತಗ್ಗಿಸುವ ಹೆಂಗಸು ನಮ್ಮ ಕಡೆ ಅವಳೊಬ್ಬಳೇ. ಉದ್ದ ಮಾಬು ಎಂದೇ ಎಲ್ಲರೂ ಕರೆಯುತ್ತಿದ್ದರು.

ಅವಳು ಉದ್ದ ಎಂದು ಒಂದೊಂದು ಗೇಣು ಹೆಚ್ಚೇ ಹರಿದೆ. ಆಮೇಲೆ ನಿಂತು ಯೋಚಿಸಿದೆ. ಶಹನವಾಜ್ ಯಾವುದೋ ಸಾಮಾನು ತರಲು ಹಿರಿಯೂರಿಗೆ ಹೋಗಿದ್ದ. ಸೊಸೆ ತವರಿನಲ್ಲಿ. ಮೆಹಜಬೀನಳನ್ನು ಯಾರ ಹತ್ತಿರ ಬಿಡಲಿ?

"ಏಳು, ನನ್ ಜೊತೆ ಬಾ" ಎಂದೆ.

ಅವಳಿಗೆ ದಾರಿ ತೋರಿಸಬೇಕು, ಕೆಲಸ ಕಲಿಸಬೇಕು ಎಂಬ ಯಾವ ಯೋಚನೆಯೂ ನನಗೆ ಇರಲಿಲ್ಲ. ಬೀಗ ಹಾಕಿದ ಮನೆಯೊಳಗೆ ಅವಳನ್ನು ಬಿಟ್ಟು ಹೋಗಲು ಧೈರ್ಯ ಇರಲಿಲ್ಲ, ಅಷ್ಟೇ.

ಬಸ್ಸಿನಲ್ಲಿ ಕಂಡಕ್ಟರ್ ಆಧಾರ್ ಕೇಳಿದ. ಮೆಹಜಬೀನಳದ್ದನ್ನು ತಿರುಗಿಸಿ ನೋಡಿ, "ಹೊಸಪೇಟೆ ಅಡ್ರೆಸ್ಸು. ಊರು ಬಿಟ್ಟು ಬಂದೀಯೇನಮ್ಮ?" ಎಂದು ನಕ್ಕ. ಒಳ್ಳೆಯ ಮನುಷ್ಯನೇ, ಎಲ್ಲರ ಜೊತೆಯೂ ಹಾಗೇ ಮಾತಾಡುತ್ತಿದ್ದ.

"ಹ್ಞೂ, ಬಿಟ್ಟು ಬಂದೀನಿ" ಎಂದಳು ಇವಳು. ಬಿ.ಜಿ. ಕೆರೆ ದಾಟುವವರೆಗೂ ಕಿಟಕಿಯ ಕಡೆಯಿಂದ ಮುಖ ತಿರುಗಿಸಲಿಲ್ಲ. ಹೊಲದಲ್ಲಿ ಶೇಂಗಾ ಬಳ್ಳಿಯ ಬಣವೆಗಳು, ಬಂಡೆ ಗುಡ್ಡಗಳು. ಅವಳು ಅವನ್ನು ನೋಡುತ್ತಿದ್ದಳೋ ಇಲ್ಲವೋ. ನಾನು ಅವಳ ಕೈ ಹಿಡಿದುಕೊಂಡೇ ಕೂತಿದ್ದೆ. ಬಸ್ಸಿನಲ್ಲಿ ಕೂಡ ನನಗೆ ಭಯ.

ಮೊಳಕಾಲ್ಮೂರಿನ ಮನೆ ತಲುಪಿದಾಗ ಹತ್ತು ಗಂಟೆ. ಹಿತ್ತಿಲಲ್ಲಿ ಸುತ್ತ ಚಾದರ ಕಟ್ಟಿ, ಮಸೀದಿಯಿಂದ ಹಲಗೆ ತಂದಿಟ್ಟಿದ್ದರು. ಮನೆ ಯಜಮಾನಿ ತಿಪ್ಪೇರುದ್ರಮ್ಮ ಪಕ್ಕದ ಮನೆಯವರು. ಹೊಲ, ಬಟ್ಟೆ ಅಂಗಡಿ ಎಲ್ಲ ಇರುವ ಜನ. ನಲವತ್ತು ವರ್ಷದಿಂದ ಮಾಬುಬೀ ಅವರ ಬಾಡಿಗೆ ಮನೆಯಲ್ಲಿ ಇದ್ದವಳು. ಆಯಮ್ಮ ತಮ್ಮ ಮನೆಯ ತಾಮ್ರದ ಹಂಡೆಯಲ್ಲಿ ನೀರು ಕಾಯಿಸುತ್ತಾ ಒಲೆ ಊದುತ್ತಿದ್ದರು. ಹೊಗೆಗೋ ದುಃಖಕ್ಕೋ ಕಣ್ಣು ಕೆಂಪಾಗಿತ್ತು.

"ಬಾ ಹಲೀಮಾ. ನೀರಿಗೆ ಹಾಕೋಕೆ ಬೋರೆ ಎಲೆ ನಮ್ಮ ಹೊಲದಿಂದ ತರಿಸೀನಿ. ನೋಡು ಇವಳ ಬುದ್ಧಿನ, ಸತ್ತ ಮೇಲೂ ನನ್ನ ಕೈಲಿ ಕೆಲಸ ಮಾಡಿಸ್ತಾಳೆ."

"ನಿಮ್ಮನ್ನ ಬಿಟ್ರೆ ಅವಳ ಮಾತು ಯಾರು ಕೇಳ್ತಿದ್ರು ರುದ್ರಕ್ಕ."

"ನಾನೆಲ್ಲಿ ಕೇಳಿದ್ನೇ? ಅವಳೇ ಕೇಳಿಸ್ತಿದ್ಲು" ಎಂದು ಸೆರಗಿನಿಂದ ಮೂಗು ಒರೆಸಿಕೊಂಡು ಚಾದರದ ಆಚೆ ಕಲ್ಲಿನ ಮೇಲೆ ಕೂತರು.

ಮಧ್ಯಾಹ್ನದ ನಮಾಜಿನ ನಂತರ ಮಣ್ಣು ಎಂದು ಗಂಡಸರು ಗೊತ್ತು ಮಾಡಿದ್ದರು. ನನಗೆ ಜೊತೆಗೆ ಕೈ ಬೇಕಿತ್ತು. ನಾಜಿಯಾ ತಾಯಿಯ ಮುಖ ನೋಡಿದರೆ ಸಾಕು, ಕುಸಿದು ಬೀಳುತ್ತಿದ್ದಳು. "ಖಾಲಾ, ನನ್ನ ಕೈಲಾಗಲ್ಲ" ಎಂದು ಒಳಗೆ ಹೋದಳು. ಉಳಿದವಳು ಮೆಹಜಬೀನ್, ಮೂಲೆಯಲ್ಲಿ.

ನಾನು ತೋಳು ಮಡಚಿ, ಕೈ ತೊಳೆದು, ಮೂವತ್ತೆಂಟು ವರ್ಷದ ರೂಢಿಯ ಮೇಲೆ ಕೇಳಿಬಿಟ್ಟೆ. ಕೈ ಹಾಕಲು ಬರುವ ಪ್ರತಿ ಹೆಂಗಸಿಗೂ ಕೇಳುವುದು ಅದೇ ಮಾತು.

"ತಿಂಗಳದ್ದು ಏನೂ ಇಲ್ಲ ತಾನೆ?"

ಬಾಯಿಂದ ಬಿದ್ದ ಮೇಲೆ ತಿಳಿಯಿತು ಯಾರನ್ನು ಕೇಳಿದೆ ಎಂದು. ನೆಲ ಬಾಯಿ ಬಿಡಬಾರದೇ ಅನಿಸಿತು.

ಮೆಹಜಬೀನ್ ನನ್ನನ್ನು ನೋಡಿದಳು. ನಕ್ಕಳು. ಸೂಟ್‌ಕೇಸು ಹಿಡಿದು ಬಂದಮೇಲೆ ನಾನು ಕೇಳಿದ ಮೊದಲ ನಗು.

"ಮರೆತ್ಯಾ ನಾನಿ? ನನಗೆ ಇನ್ ಯಾವತ್ತೂ ಇಲ್ಲ. ಯಾವ ದಿನ ಕರೆದ್ರೂ ಬರಬಹುದು ನಾನು."

ನಾನು ನಗಲೋ ಅಳಲೋ ತಿಳಿಯದೆ "ನೀರು ಕೊಡು" ಎಂದೆ.

ಕೊಟ್ಟಳು. ಚೊಂಬು ಚೊಂಬಾಗಿ. ಮೈಮೇಲೆ ಮುಚ್ಚಿದ ಚಾದರ ಸರಿಯದ ಹಾಗೆ ಅದರ ಅಂಚು ಹಿಡಿದುಕೊಂಡಳು. ಬಲಭಾಗ ಮೊದಲು, ಆಮೇಲೆ ಎಡ. ಕೊನೆಯ ನೀರಿಗೆ ಕರ್ಪೂರ. ಹೇಳಿದ್ದನ್ನು ಒಂದು ಸಲಕ್ಕೇ ತಿಳಿದುಕೊಂಡಳು. ಹನ್ನೊಂದೂವರೆಗೆ ಸ್ನಾನ ಮುಗಿಯಿತು. ಒಣ ಬಟ್ಟೆಯಿಂದ ಮೈ ಒತ್ತಿ, ಪಕ್ಕದಲ್ಲಿ ಕಫನು ಹಾಸಿದೆ.

ಕಡಿಮೆ ಬಿದ್ದಿತ್ತು.

ಮೇಲೆ ಸುತ್ತುವ ದೊಡ್ಡ ಬಟ್ಟೆ ತಲೆಯಾಚೆಗೂ ಕಾಲಾಚೆಗೂ ಒಂದೊಂದು ಗೇಣು ಉಳಿಯಬೇಕು, ಗಂಟು ಹಾಕಲು. ಅದು ಮಾಬುಬೀಯ ಹಿಮ್ಮಡಿಗೂ ಬರಲಿಲ್ಲ. ಎಳೆದೆ, ಕೆಳಗೆ ಸರಿಸಿದೆ. ಕಾಲು ಮುಚ್ಚಿದರೆ ತಲೆ ಬಯಲು. ಎರಡನೆಯದನ್ನು ಹಾಸಿದೆ, ಅದೂ ಹಾಗೇ. ಒಂದೊಂದು ಗೇಣು ಹೆಚ್ಚೇ ಹರಿದಿದ್ದೆನಲ್ಲ!

"ನಾನಿ," ಮೆಹಜಬೀನ್ ಮೆಲ್ಲಗೆ ಕರೆದಳು. "ಅಳತೆ ಹಿಡಿಯೋ ಹಂಗೆ ಕೈ ಚಾಚು ಒಂದ್ಸಲ."

ಚಾಚಿದೆ.

"ಪೂರ್ತಿ ಚಾಚು."

"ಪೂರ್ತಿನೇ ಚಾಚೀನಲ್ಲ."

"ಇಲ್ಲ ನಾನಿ. ರಮ್ಜಾನಿನಾಗೆ ಬಚ್ಚಲದಾಗೆ ಬಿದ್ದೆ ಅಂದಿದ್ಯಲ್ಲ, ಆವಾಗಿಂದ ನಿನ್ನ ತೋಳು ನೆಟ್ಟಗಾಗಲ್ಲ. ಮೇಲಿನ ಡಬ್ಬಿ ಇಳಿಸೋಕೆ ಸ್ಟೂಲ್ ಹಾಕ್ತೀಯ ಈಗ. ಗಜಕ್ಕೆ ನಾಲ್ಕು ಬೆರಳು ಕಡಿಮೆ ಬರ್ತೈತೆ."

ಗೋಡೆ ನೋಡಿಕೊಂಡು ಮಲಗಿದವಳು ಇದನ್ನೆಲ್ಲ ಯಾವಾಗ ನೋಡಿದಳೋ. ಆದರೆ ಆಗ ನನಗೆ ಅದು ಹೊಳೆಯಲಿಲ್ಲ. ರಮ್ಜಾನಿನಿಂದ ಈಚೆಗೆ ನಾನು ಕಳಿಸಿದ ನಾಲ್ಕು ಹೆಂಗಸರು ಸಾಲಾಗಿ ಕಣ್ಣ ಮುಂದೆ ಬಂದರು. ಟೈಲರ್ ಮನೆಯ ಅತ್ತೆ. ಗ್ಯಾರೇಜಿನ ಬಬ್ಲುವಿನ ಅಕ್ಕ. ಸಂತೆಪೇಟೆಯ ಜೋಡಿ ವಾರಗಿತ್ತಿಯರು, ಒಂದೇ ತಿಂಗಳಲ್ಲಿ. ಎಲ್ಲರೂ ಕುಳ್ಳಗಿನವರು, ಹೇಗೋ ಸಾಕಾಗಿತ್ತು. ಕಾಲ ಕಡೆಯ ಗಂಟು ಚಿಕ್ಕದಾಗುತ್ತಿದೆ, ನನ್ನ ಬೆರಳಿಗೆ ಶಕ್ತಿ ಕಡಿಮೆಯಾಗಿದೆ ಅಂದುಕೊಂಡು ಎಳೆದೆಳೆದು ಕಟ್ಟಿದ್ದೆ. ಯಾರ ಕಾಲಾದರೂ ಬಿಚ್ಚಿಕೊಂಡಿತೋ ಏನೋ ಮಣ್ಣಿನೊಳಗೆ. ಹೋಗಿ ಕೇಳುವುದು ಯಾರನ್ನು?

"ಏನದು ಗುಸುಗುಸು?" ಚಾದರದಾಚೆಯಿಂದ ತಿಪ್ಪೇರುದ್ರಮ್ಮ.

ಹೇಳಿದೆ.

"ಕಡಿಮೆ ಬಿತ್ತಾ? ಬದುಕಿದ್ದಾಗ ಮಾತ್ರ ಯಾವ ಸೀರೆ ಅವಳ ಕಾಲು ಮುಚ್ಚಿತ್ತು? ತಡಿ, ನನ್ನ ಮಗ ವೀರೇಶ ಅಂಗಡಿಯಾಗೆ ಅವ್ನೆ, ಫೋನ್ ಮಾಡ್ತೀನಿ."

"ಬ್ಯಾಡ ರುದ್ರಕ್ಕ, ದಮ್ಮಯ್ಯ. ಗಂಡಸರ ಬಾಯಿಗೆ ಬಿದ್ರೆ ಚಳ್ಳಕೆರೆ ತನಕ ಹೋಗ್ತೈತೆ. ಹಲೀಮಾ ಬೀ ಹೆಣಕ್ಕೆ ಬಟ್ಟೆ ಕಡಿಮೆ ಹಾಕಿದ್ಲು ಅಂತಾರೆ."

"ಹಂಗಾದ್ರೆ ಯಾರು ಹೋಗ್ಬೇಕೇ? ನಾನು ಮಂಡಿ ಎತ್ತಿಟ್ಟು ಹೋಗಿ ಬರೋದ್ರೊಳಗೆ ನಾಳೆ ಆಗ್ತೈತೆ."

ತೊಳೆದ ಮೈಯನ್ನು ಬಿಟ್ಟು ನಾನು ಹೋಗುವಂತಿಲ್ಲ.

"ನಾನು ಹೋಗ್ತೀನಿ" ಎಂದಳು ಮೆಹಜಬೀನ್.

ಏಳು ತಿಂಗಳು ನಾನು ಅವಳನ್ನು ಬೀದಿಯ ಕೊನೆಯವರೆಗೂ ಒಬ್ಬಳೇ ಕಳಿಸಿರಲಿಲ್ಲ. ಬ್ಯಾಡ ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಮಾಬುಬೀಯ ರಾಟೆಯಿಂದ ಒಂದು ಎಳೆ ರೇಷ್ಮೆ ನೂಲು ಕಿತ್ತು ತಂದಿದ್ದಳು. ತಲೆಯಿಂದ ಕಾಲಿನವರೆಗೆ ಹಿಡಿದು, ಎರಡು ಕಡೆಗೂ ಒಂದೊಂದು ಗೇಣು ಬಿಟ್ಟು, ಹಲ್ಲಿನಿಂದ ಕಡಿದು, ಬೆರಳಿಗೆ ಸುತ್ತಿಕೊಂಡು ದುಪಟ್ಟ ತಲೆಮೇಲೆ ಎಳೆದುಕೊಂಡು ಹೋಗಿಯೇಬಿಟ್ಟಳು.

ಬಟ್ಟೆ ಅಂಗಡಿಗಳಿರುವುದು ಬಸ್ ಸ್ಟ್ಯಾಂಡಿನ ಹತ್ತಿರ. ನಡೆದರೆ ಹತ್ತು ನಿಮಿಷ. ಹೋಗಿ ಬರಲು ಇಪ್ಪತ್ತು, ಬಟ್ಟೆ ಹರಿಸಲು ಐದು. ನಾನು ಲೆಕ್ಕ ಹಾಕಿಕೊಂಡು ಮಾಬುಬೀಯ ಕೂದಲು ಒರೆಸುತ್ತಾ ಕೂತೆ. ಅರ್ಧ ಗಂಟೆಯಾಯಿತು. ಮುಕ್ಕಾಲು ಗಂಟೆ.

"ಆಯ್ತೇನಮ್ಮಾ?" ಹೊರಗಿನಿಂದ ಗಂಡಸರು ಕೂಗಿದರು.

"ಕೂದಲು ಇನ್ನಾ ಹಸಿ ಐತೆ" ಎಂದೆ. ಹೆಣದ ಪಕ್ಕದಲ್ಲಿ ಕೂತು ಹೇಳಿದ ಸುಳ್ಳು.

"ಹುಡುಗಿ ಹತ್ರ ಮೊಬೈಲ್ ಇಲ್ವಾ?" ತಿಪ್ಪೇರುದ್ರಮ್ಮ ಕೇಳಿದರು.

"ಮನೆಯಾಗೆ ಬಿಟ್ಟವಳೆ. ಚಾರ್ಜ್ ಹಾಕಿ ಎಷ್ಟು ತಿಂಗಳಾತೋ."

ಊರಿನ ಮಸೀದಿಯಲ್ಲಿ ಮಧ್ಯಾಹ್ನದ ಬಾಂಗು ಕೂಗಿದರು. ನನ್ನ ಕಿವಿ ಅದರ ಮೇಲಿರಲಿಲ್ಲ, ಬೀದಿಯಲ್ಲಿ ಚಪ್ಪಲಿ ಸದ್ದಿನ ಮೇಲಿತ್ತು. ಬಸ್ ಸ್ಟ್ಯಾಂಡು, ಲಾರಿಗಳು, ಊರಾಚೆಯ ಗುಡ್ಡ, ಕೆರೆ. ಒಂದೊಂದೇ ಕಣ್ಣ ಮುಂದೆ ಬಂದು ನಿಲ್ಲುತ್ತಿದ್ದವು. ಊರೆಲ್ಲ ಏನಂದುಕೊಂಡರೇನು? ವೀರೇಶನಿಗೆ ಒಂದು ಫೋನ್ ಹೋಗಿದ್ದರೆ ಮುಗಿಯುತ್ತಿತ್ತು. ನನ್ನ ಹೆಸರು ಉಳಿಸಿಕೊಳ್ಳಲು ಹೋಗಿ ಮಗುವನ್ನು ಕಳಿಸಿಕೊಟ್ಟೆ. ಅವಳ ತಾಯಿಗೆ ಸ್ನಾನ ಮಾಡಿಸಿದ್ದೂ ಇದೇ ಕೈ. ಇನ್ನೊಂದು ಸಲ ನನ್ನಿಂದಾಗದು ಎಂದು ಮಾಬುಬೀಗೆ ಹೇಳಿದೆ. ಬಾಯಿಬಿಟ್ಟೇ ಹೇಳಿದೆ.

ತಿಪ್ಪೇರುದ್ರಮ್ಮನಿಗೆ ಕೇಳಿಸಿತು. ಅವರಿಗೂ ಹೇಳಿದೆ. ಹೆತ್ತ ಮಗನಿಗೂ ಪೂರ್ತಿ ಹೇಳದ ಮಾತು, ರೊಟ್ಟಿಯ ಮಾತು, ಹಾಲು ಉಕ್ಕಿದ ಸುಳ್ಳು, ಎಲ್ಲ.

"ಇದನ್ನ ಮೊದಲೇ ಹೇಳಬಾರದೇನೇ" ಎಂದರು. "ನನ್ನ ಮಂಡಿ ಹಾಳಾಗಿ ಹೋಗ್ಲಿ." ಕಲ್ಲು ಹಿಡಿದು ಏಳುವ ಸದ್ದು ಕೇಳಿತು. ಉಸ್ಸೆಂದು ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಆಮೇಲೆ ಅವರ ದನಿ: "ಬಂದ್ಲು ಬಂದ್ಲು! ಎಲ್ಲಿ ಹೋಗಿದ್ಯೇ ತಾಯಿ? ಮೊಳಕಾಲ್ಮೂರು ಬಟ್ಟೆ ಪಸಂದಾಗಲಿಲ್ಲ ಅಂತ ಕಂಚಿಗೆ ಹೋಗಿದ್ಯಾ?"

ಮೆಹಜಬೀನ್ ಚಾದರ ಸರಿಸಿ ಒಳಗೆ ಬಂದಳು. ಮುಖದಲ್ಲಿ ಧೂಳು, ಬೆವರು, ಬಗಲಲ್ಲಿ ಬಟ್ಟೆ. ಇಬ್ಬರೂ ಹಾಸಿದೆವು. ತಲೆಯಾಚೆ ಒಂದು ಗೇಣು, ಕಾಲಾಚೆ ಒಂದು ಗೇಣು. ಕೂದಲನ್ನು ಎರಡು ಭಾಗ ಮಾಡಿ ಎದೆಯ ಮೇಲೆ ತರಬೇಕು. ನಾನು ಕೈ ಮುಂದೆ ಮಾಡಿದಾಗ "ನಾನು ಮಾಡ್ತೀನಿ ನಾನಿ, ಎಷ್ಟು ಭಾಗ ಹೇಳು" ಎಂದಳು. ಮಾಬುಬೀಯ ಬಿಳಿ ಕೂದಲು ಬಹಳ ಇತ್ತು. ಸಿಕ್ಕು ಬಿಡಿಸುತ್ತಾ, ಜೀವ ಇದ್ದವರ ತಲೆ ಬಾಚುವ ಹಾಗೆ, ನೋವಾಗಬಾರದೆಂದು ಬುಡದಲ್ಲಿ ಬೆರಳಿಂದ ಹಿಡಿದುಕೊಂಡಳು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಸಂಜೆ ನಾಲ್ಕರ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ಮೇಲೆ ಅವಳೇ ಹೇಳಿದಳು.

"ಬಟ್ಟೆ ಬೇಗನೇ ಸಿಕ್ತು ನಾನಿ. ಬಸ್ ಸ್ಟ್ಯಾಂಡಿನಾಗೆ ಕೂತಿದ್ದೆ."

"ಯಾಕೆ?"

"ಬಳ್ಳಾರಿ ಬಸ್ ನಿಂತಿತ್ತು. ಹತ್ತಿ ಕೂತೆ. ಎಲ್ಲಿಗೆ ಅಂತ ಗೊತ್ತಿರಲಿಲ್ಲ, ಸುಮ್ನೆ ಎಲ್ಲಾದರೂ ಹೋಗಿ ಏನಾದರೂ ಆಗ್ಲಿ ಅನಿಸ್ತು. ಬಸ್ ಹೊರಟು ಪೆಟ್ರೋಲ್ ಬಂಕ್ ತನಕ ಬಂತು. ಆಮೇಲೆ ಅವರು ಕಾಯ್ತಿರ್ತಾರೆ ಅಂತ ನೆನಪಾತು. ಇಳಿದು ನಡಕೊಂಡು ಬಂದೆ."

"ನಾನು ಕಾಯ್ತಿರ್ತೀನಿ ಅಂತಲಾ?"

ಸ್ವಲ್ಪ ಯೋಚನೆ ಮಾಡಿದಳು. ನನ್ನ ಮೊಮ್ಮಗಳು ಸುಳ್ಳು ಹೇಳುವವಳಲ್ಲ.

"ನೀನಲ್ಲ ನಾನಿ. ನೀನು ಹೆಂಗೋ ಇರ್ತೀಯ. ಆ ಉದ್ದ ಅಜ್ಜಿ. ಅವರ ಕಾಲು ಹಂಗೇ ಐತಲ್ಲ ಅನಿಸ್ತು."

ನನಗೆ ಬೇಸರವಾಗಲಿಲ್ಲ. ಏಳು ತಿಂಗಳು ನಾನು, ಶಹನವಾಜ್, ಬೀದಿಯ ಹೆಂಗಸರು ಎಲ್ಲ ಸೇರಿ ಅವಳಿಗೆ ಹೇಳಿದ್ದು ಒಂದೇ: ನಿನಗೋಸ್ಕರ ಬದುಕು, ನಿನ್ನ ಜೀವನ ಇನ್ನೂ ಬಹಳ ಇದೆ. ಆ ಬಹಳ ಇರುವುದೇ ಅವಳಿಗೆ ಭಾರವಾಗಿತ್ತು. ನಿನ್ನಿಂದ ನನಗೊಂದು ಕೆಲಸ ಆಗಬೇಕು ಎಂದು ಯಾರೂ ಕೇಳಿರಲಿಲ್ಲ. ಒಲೆಯ ಮೇಲೆ ಇಲ್ಲದ ಹಾಲನ್ನು ನೋಡು ಅಂದಿದ್ದೆ ನಾನು.

ಮಾರನೆಯ ದಿನ ಎದ್ದು ಓಡಾಡಿದಳು ಎಂದು ಬರೆದರೆ ಸುಳ್ಳಾಗುತ್ತದೆ. ಮಾರನೆಯ ದಿನವೂ ಗೋಡೆಯೇ. ಮೂರನೆಯ ದಿನವೂ. ನಾಲ್ಕನೆಯ ದಿನ ಮಲಗಿದ್ದಲ್ಲಿಂದಲೇ "ಕಫನಿನ ಐದು ಬಟ್ಟೆನಾಗೆ ಮೊದಲು ಯಾವುದು ಹಾಸಬೇಕು ನಾನಿ?" ಎಂದು ಕೇಳಿದಳು. ಹೇಳಿದೆ. ಸಂಜೆ ಇನ್ನೊಂದು ಕೇಳಿದಳು. ಜನವರಿಯಲ್ಲಿ ನನ್ನ ಜೊತೆ ಎರಡು ಮನೆಗೆ ಬಂದಳು. ಬಟ್ಟೆ ಹರಿಯುವುದು ಅವಳ ಕೆಲಸವಾಯಿತು.

ಶಹನವಾಜ್ ಸಿಟ್ಟಾದ. "ಹೆಣ ತೊಳೆಯೋ ಹುಡುಗೀನ ಯಾರಮ್ಮಾ ಮದುವೆ ಆಗ್ತಾರೆ? ಮಕ್ಕಳಿರೋ ಒಬ್ಬರ ಸಂಬಂಧ ನೋಡಿದ್ದೆ ದಾವಣಗೆರೆಯಾಗೆ. ಈಗ ಅವರಿಗೆ ಏನು ಹೇಳ್ಲಿ?"

"ಮಾಮು, ಅವರಿಗೂ ಒಂದಿನ ಬೇಕಾಗ್ತೀನಿ ಅಂತ ಹೇಳು" ಎಂದಳು ಮೆಹಜಬೀನ್ ಒಳಗಿನಿಂದ.

ಅವನಿಗೆ ನಗು ತಡೆಯಲಾಗಲಿಲ್ಲ. ನಕ್ಕಿದ್ದಕ್ಕೆ ಇನ್ನಷ್ಟು ಸಿಟ್ಟಾಗಿ ಚಹಾ ಬಿಟ್ಟು ಹೋದ.

ಆದರೆ ಅವನ ಮಾತು ನನ್ನನ್ನು ಬಿಡಲಿಲ್ಲ, ಈಗಲೂ ಬಿಟ್ಟಿಲ್ಲ. ಜನವರಿಯಲ್ಲಿ ಒಂದು ಮನೆಯಲ್ಲಿ ಒಬ್ಬ ಹೆಂಗಸು ನನ್ನ ಎದುರೇ "ಹಡೆಯದ ಕೈ ನಮ್ಮ ಅಮ್ಮನಿಗೆ ಬ್ಯಾಡ" ಅಂದಳು. ಅಂಥ ನಿಯಮ ಎಲ್ಲೂ ಇಲ್ಲ ಎಂದು ನಾನು ಹೇಳಿದೆ. ಮೆಹಜಬೀನ್ ಹೊರಗೆ ಹೋಗಿ ಬೇಲಿಯ ಹತ್ತಿರ ನಿಂತಳು. ಅರ್ಧ ಸ್ನಾನಕ್ಕೆ ನನ್ನ ಕೈ ಸೋತಾಗ ಅದೇ ಹೆಂಗಸು ಹೋಗಿ ಕರೆದುಕೊಂಡು ಬಂದಳು. ಬಂದಳು ಇವಳು, ಮಾಡಿದಳು. ಅವತ್ತು ರಾತ್ರಿ ಊಟ ಮಾಡಲಿಲ್ಲ. ಇಪ್ಪತ್ತಾರರ ಹುಡುಗಿಯನ್ನು ಸತ್ತವರ ಜೊತೆ ಕಟ್ಟಿಹಾಕಿದೆನೇ ನಾನು? ಬದುಕಿದವರ ನಡುವೆ ಅವಳಿಗೆ ಒಂದು ಜಾಗ ಹುಡುಕಬೇಕಿತ್ತಲ್ಲವೇ? ಕೇಳಿಕೊಳ್ಳುತ್ತೇನೆ. ಗೋಡೆಯ ಕಡೆ ಮುಖ ಮಾಡಿ ಮಲಗುವುದು ಈಗಲೂ ಉಂಟು, ಆದರೆ ದಿನವಿಡೀ ಅಲ್ಲ.

ಫೆಬ್ರವರಿಯಲ್ಲಿ ಒಂದೇ ಬೆಳಗ್ಗೆ ಎರಡು ಕಡೆಯಿಂದ ಕರೆ ಬಂತು. ಒಂದು ನಮ್ಮ ಬೀದಿಯ ಹಿಂದಿನ ಮನೆ. ಇನ್ನೊಂದು ಬಿ.ಜಿ. ಕೆರೆ. ಅಲ್ಲಿ ನಮ್ಮವರ ಮನೆಗಳು ಬೆರಳೆಣಿಕೆ, ತೊಳೆಯುವವರು ಯಾರೂ ಇಲ್ಲ. ತೀರಿಕೊಂಡವಳು ಹತ್ತೊಂಬತ್ತು ವರ್ಷದ ಹುಡುಗಿ, ಹೆರಿಗೆಯಲ್ಲಿ. ಮಗು ಉಳಿದಿತ್ತು.

ಹೆರಿಗೆ ಎಂದು ಕೇಳಿದ ಕೂಡಲೇ ನಾನು ಹೇಳಿದೆ: "ನೀನು ಇಲ್ಲಿಂದು ನೋಡ್ಕೋ. ಬಿ.ಜಿ. ಕೆರೆಗೆ ನಾನು ಹೋಗ್ತೀನಿ."

"ನೀನು ಬಸ್ ಇಳಿದು ಅಲ್ಲಿಂದ ಊರೊಳಗೆ ನಡೀತೀಯಾ?"

"ನಡೀತೀನಿ."

"ಸುಳ್ಳು ಹೇಳಬ್ಯಾಡ. ಒಬ್ಳೇ ಅವಳನ್ನ ಎತ್ತಿ ತಿರುಗಿಸ್ತೀಯಾ?"

"ಅಲ್ಲಿಯವರು ಯಾರಾದ್ರೂ..."

"ನಾನಿ," ಎಂದಳು, ಚಪ್ಪಲಿ ಮೆಟ್ಟುತ್ತಾ. "ನನಗೇನಾಗ್ತೈತೋ ಅಂತ ತಾನೆ ನಿನಗೆ ಭಯ? ನನಗೂ ಐತೆ. ಕೈ ನೋಡು, ತಣ್ಣಗಾಗೈತೆ. ಆದ್ರೆ ಆ ಹುಡುಗಿಗೆ ಏನಾತು ಅಂತ ನನಗೆ ಗೊತ್ತು. ಎಲ್ಲಿ ಮೆತ್ತಗೆ ಹಿಡೀಬೇಕು ಅಂತ ಅಲ್ಲಿ ಯಾರಿಗೂ ಗೊತ್ತಿರಲ್ಲ."

ಅವಳ ಕೈ ಮುಟ್ಟಿ ನೋಡಿದೆ. ನಿಜವಾಗಿಯೂ ತಣ್ಣಗಿತ್ತು. ಸ್ವಲ್ಪ ಹೊತ್ತು ನನ್ನ ಕೈಯೊಳಗೆ ಇಟ್ಟುಕೊಂಡೆ. ಆಮೇಲೆ ಬಿಟ್ಟೆ.

ನಾನು ಹಿಂದಿನ ಬೀದಿಯ ಕಡೆ ನಡೆದೆ, ಅವಳು ಬಸ್ ಸ್ಟ್ಯಾಂಡಿನ ಕಡೆ. ಮೆಹಜಬೀನ್ ಮೊದಲ ಸಲ ಈ ಕೆಲಸಕ್ಕೆ ಒಬ್ಬಳೇ ಹೊರಟದ್ದು ರಮ್ಜಾನ್ ಶುರುವಾಗುವ ಹಿಂದಿನ ವಾರ, ಸೋಮವಾರ.